ಉತ್ತರ ತಿದ್ದುಪಡಿಗಳ ಸಂಖ್ಯಾಶಾಸ್ತ್ರೀಯ ಪತ್ತೆ

ಉತ್ತರ ತಿದ್ದುಪಡಿಗಳ ಸಂಖ್ಯಾಶಾಸ್ತ್ರೀಯ ಪತ್ತೆ ಎಂಬುದು ಬಹು ಆಯ್ಕೆಯ ಪ್ರಶ್ನೆಗಳಿರುವ ಪ್ರಮಾಣಿತ ಪರೀಕ್ಷೆಗಳಲ್ಲಿ ಉತ್ತರ ಹಾಳೆಗಳ ಮೇಲಿನ ಬದಲಾವಣೆಗಳನ್ನು ಎಣಿಸಿ, ಅವು ಸಹಜವಾಗಿ ಸಂಭವಿಸಬಹುದಾದ ಪ್ರಮಾಣವನ್ನು ಮೀರಿವೆಯೇ ಎಂದು ಪರಿಶೀಲಿಸುವ ವಿಧಾನವಾಗಿದೆ. ಇದನ್ನು ಅಳಿಸುವಿಕೆ ವಿಶ್ಲೇಷಣೆ ಎಂದೂ ಕರೆಯಲಾಗುತ್ತದೆ. ಅಭ್ಯರ್ಥಿಯು ತಪ್ಪು ಉತ್ತರವನ್ನು ಅಳಿಸಿ ಸರಿ ಉತ್ತರವನ್ನು ಗುರುತಿಸುವುದು ಸಾಮಾನ್ಯ ಸಂಗತಿ. ಆದರೆ ಒಂದೇ ಕೊಠಡಿಯ ಅಥವಾ ಒಂದೇ ಶಾಲೆಯ ಹಲವು ಹಾಳೆಗಳಲ್ಲಿ ಇಂತಹ ಬದಲಾವಣೆಗಳು ಅಸಾಧಾರಣ ಸಂಖ್ಯೆಯಲ್ಲಿ ಕಂಡುಬಂದರೆ, ಪರೀಕ್ಷೆ ಮುಗಿದ ನಂತರ ಬೇರೊಬ್ಬರು ಹಾಳೆಗಳನ್ನು ತಿದ್ದಿರುವ ಸಾಧ್ಯತೆಯನ್ನು ಪರಿಶೀಲಿಸಬೇಕಾಗುತ್ತದೆ.

ಅಮೆರಿಕದ ಅಟ್ಲಾಂಟಾ ನಗರದ ಶಾಲೆಗಳ ಪ್ರಕರಣದಿಂದ ಈ ವಿಧಾನವು ವ್ಯಾಪಕವಾಗಿ ಪರಿಚಿತವಾಯಿತು. ಭಾರತದಲ್ಲಿ ಉತ್ತರಗಳನ್ನು ಪೆನ್ಸಿಲ್ ಬದಲು ಬಾಲ್‌ಪಾಯಿಂಟ್ ಪೆನ್ನಿನಿಂದ ಗುರುತಿಸುವ ಪದ್ಧತಿ ಇರುವುದರಿಂದ ಅಕ್ರಮದ ಸ್ವರೂಪವೂ ಪತ್ತೆಯ ಕ್ರಮವೂ ಭಿನ್ನವಾಗಿವೆ. ಇಲ್ಲಿ ಉತ್ತರವನ್ನು ಅಳಿಸುವುದಕ್ಕಿಂತ, ಖಾಲಿ ಬಿಟ್ಟ ವೃತ್ತಗಳನ್ನು ನಂತರ ತುಂಬುವುದೇ ಮುಖ್ಯ ಸಮಸ್ಯೆಯಾಗಿದೆ. 2021ರಲ್ಲಿ ನಡೆದ ಕರ್ನಾಟಕದ ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ನೇಮಕಾತಿ ಪರೀಕ್ಷೆಯ ಹಗರಣವು ಇದಕ್ಕೆ ಪ್ರಮುಖ ಉದಾಹರಣೆ.

## ಪರಿಭಾಷೆ

ಉತ್ತರ ಬದಲಾವಣೆಗಳನ್ನು ಮೂರು ಬಗೆಯಾಗಿ ವಿಂಗಡಿಸಲಾಗುತ್ತದೆ.

* ತಪ್ಪಿನಿಂದ ಸರಿಗೆ: ಮೊದಲು ಗುರುತಿಸಿದ ತಪ್ಪು ಉತ್ತರವನ್ನು ಸರಿ ಉತ್ತರಕ್ಕೆ ಬದಲಿಸುವುದು.
* ಸರಿಯಿಂದ ತಪ್ಪಿಗೆ: ಮೊದಲು ಗುರುತಿಸಿದ ಸರಿ ಉತ್ತರವನ್ನು ತಪ್ಪು ಉತ್ತರಕ್ಕೆ ಬದಲಿಸುವುದು.
* ತಪ್ಪಿನಿಂದ ತಪ್ಪಿಗೆ: ಒಂದು ತಪ್ಪು ಉತ್ತರದ ಬದಲು ಇನ್ನೊಂದು ತಪ್ಪು ಉತ್ತರವನ್ನು ಗುರುತಿಸುವುದು.

ಪರೀಕ್ಷಾ ಅಕ್ರಮದ ಪತ್ತೆಯಲ್ಲಿ ಮೊದಲನೆಯ ಬಗೆಯೇ ಮುಖ್ಯ. ಅಂಕ ಹೆಚ್ಚಿಸುವ ಉದ್ದೇಶದಿಂದ ಹಾಳೆಯನ್ನು ತಿದ್ದುವವರು ಕೀ ಉತ್ತರವನ್ನು ನೋಡಿಕೊಂಡೇ ತಿದ್ದುತ್ತಾರೆ. ಆದ್ದರಿಂದ ಅಂತಹ ಹಾಳೆಗಳಲ್ಲಿ ಉಳಿದೆರಡು ಬಗೆಯ ಬದಲಾವಣೆಗಳು ವಿರಳವಾಗಿದ್ದು, ತಪ್ಪಿನಿಂದ ಸರಿಗೆ ಆದ ಬದಲಾವಣೆಗಳು ಮಾತ್ರ ಹೆಚ್ಚಾಗಿರುತ್ತವೆ. ಪ್ರಾಮಾಣಿಕ ಅಭ್ಯರ್ಥಿಯ ಹಾಳೆಯಲ್ಲಿ ಮೂರೂ ಬಗೆಯವು ಬೆರೆತಿರುತ್ತವೆ.

ಬದಲಿಸಿದ ಉತ್ತರಗಳೆಲ್ಲ ಅನುಮಾನಾಸ್ಪದವಲ್ಲ. ಮೊದಲು ಹೊಳೆದ ಉತ್ತರವನ್ನು ಬದಲಿಸಬಾರದು ಎಂಬ ನಂಬಿಕೆ ವಿದ್ಯಾರ್ಥಿಗಳಲ್ಲಿ ವ್ಯಾಪಕವಾಗಿದ್ದರೂ ಸಂಶೋಧನೆಗಳು ಅದನ್ನು ಸಮರ್ಥಿಸುವುದಿಲ್ಲ. ಬೆಂಜಮಿನ್, ಕ್ಯಾವೆಲ್ ಮತ್ತು ಶಾಲೆನ್‌ಬರ್ಗರ್ 1984ರಲ್ಲಿ ಈ ವಿಷಯದ 33 ಅಧ್ಯಯನಗಳನ್ನು ಸಮೀಕ್ಷಿಸಿದರು. ವಿದ್ಯಾರ್ಥಿಗಳು ಬದಲಿಸುವ ಉತ್ತರಗಳ ಪ್ರಮಾಣ ಅಲ್ಪವೆಂದೂ, ಬದಲಾವಣೆಗಳಲ್ಲಿ ಹೆಚ್ಚಿನವು ತಪ್ಪಿನಿಂದ ಸರಿಗೆ ಆದವೆಂದೂ ಅದರಿಂದ ತಿಳಿದುಬಂದಿತು. ಹೀಗಾಗಿ ವಿಶ್ಲೇಷಣೆಯ ಪ್ರಶ್ನೆ "ಬದಲಾವಣೆ ಇದೆಯೇ" ಎಂಬುದಲ್ಲ. "ಸಹಜ ಪ್ರಮಾಣಕ್ಕಿಂತ ಎಷ್ಟು ಹೆಚ್ಚು ಇದೆ" ಎಂಬುದು.

## ಇತಿಹಾಸ

ಉತ್ತರ ಹಾಳೆಗಳನ್ನು ಯಂತ್ರದಿಂದ ಎಣಿಸುವ ಪದ್ಧತಿ 1930ರ ದಶಕದಲ್ಲಿ ಆರಂಭವಾಯಿತು. ಐಬಿಎಂ ಸಂಸ್ಥೆಯು 1938ರಲ್ಲಿ ಹೊರತಂದ 805 ಎಂಬ ಯಂತ್ರವು ಪೆನ್ಸಿಲ್ ಗುರುತಿನಲ್ಲಿರುವ ಗ್ರಾಫೈಟ್‌ನ ವಿದ್ಯುತ್ ವಾಹಕತೆಯನ್ನು ಬಳಸಿ ಉತ್ತರಗಳನ್ನು ಗುರುತಿಸುತ್ತಿತ್ತು. ನಂತರ ಬಂದ ದ್ಯುತಿ ಸ್ಕ್ಯಾನರುಗಳು ಗುರುತಿನ ಕಪ್ಪುತನವನ್ನು ಅಳೆಯತೊಡಗಿದವು. ಅಳಿಸಿದ ವೃತ್ತದಲ್ಲಿ ಮಸುಕಾದ ಕಲೆ ಉಳಿಯುತ್ತದೆ. ಹೊಸದಾಗಿ ತುಂಬಿದ ವೃತ್ತವು ಗಾಢವಾಗಿರುತ್ತದೆ. ಈ ವ್ಯತ್ಯಾಸವನ್ನು ದಾಖಲಿಸಲು ಸಾಧ್ಯವಾದಾಗ, ಅಂಕ ನೀಡುವ ಯಂತ್ರವೇ ಬದಲಾವಣೆಗಳನ್ನೂ ಎಣಿಸುವ ಸಾಧನವಾಯಿತು.

ಇದಕ್ಕೆ ಮೊದಲೇ ನಕಲು ಪತ್ತೆಯ ಸಂಖ್ಯಾಶಾಸ್ತ್ರೀಯ ಅಧ್ಯಯನ ಆರಂಭವಾಗಿತ್ತು. 1920ರ ದಶಕದಲ್ಲಿ ಚಾರ್ಲ್ಸ್ ಬರ್ಡ್ ಇಬ್ಬರು ವಿದ್ಯಾರ್ಥಿಗಳ ಸಮಾನ ತಪ್ಪು ಉತ್ತರಗಳನ್ನು ಎಣಿಸುವ ಕ್ರಮವನ್ನು ಸೂಚಿಸಿದರು. ವಿಲಿಯಂ ಆಂಗಾಫ್ 1974ರಲ್ಲಿ, ಫ್ರೇರಿ, ಟೈಡ್‌ಮನ್ ಮತ್ತು ವಾಟ್ಸ್ 1977ರಲ್ಲಿ, ಜೇಮ್ಸ್ ವೊಲ್ಯಾಕ್ 1997ರಲ್ಲಿ ನಕಲು ಪತ್ತೆಯ ಸೂಚ್ಯಂಕಗಳನ್ನು ಪ್ರಕಟಿಸಿದರು. ಉತ್ತರ ಬದಲಾವಣೆಗಳಿಗೇ ಮೀಸಲಾದ ಗಣಿತ ಮಾದರಿಯನ್ನು ವಾನ್ ಡೆರ್ ಲಿಂಡೆನ್ ಮತ್ತು ಜಿಯಾನ್ 2012ರಲ್ಲಿ ಮಂಡಿಸಿದರು. ವೊಲ್ಯಾಕ್, ಕೊಹೆನ್ ಮತ್ತು ಎಕರ್ಲಿ 2015ರಲ್ಲಿ ಅಳಿಸುವಿಕೆ ಪತ್ತೆ ಸೂಚ್ಯಂಕವನ್ನು ರೂಪಿಸಿದರು.

ಅರ್ಥಶಾಸ್ತ್ರಜ್ಞರಾದ ಬ್ರಯಾನ್ ಜೇಕಬ್ ಮತ್ತು ಸ್ಟೀವನ್ ಲೆವಿಟ್ 2003ರಲ್ಲಿ ಶಿಕಾಗೋ ನಗರದ ಶಾಲೆಗಳ ಕುರಿತು ಪ್ರಕಟಿಸಿದ ಅಧ್ಯಯನವು ಬೇರೊಂದು ಮಾರ್ಗವನ್ನು ಹಿಡಿಯಿತು. ಅವರು ಅಳಿಸಿದ ಗುರುತುಗಳನ್ನು ನೋಡಲಿಲ್ಲ. ಒಂದು ತರಗತಿಯ ಅಂಕಗಳು ಒಂದು ವರ್ಷ ಥಟ್ಟನೆ ಏರಿ ಮರುವರ್ಷ ಇಳಿದಿವೆಯೇ ಹಾಗೂ ತರಗತಿಯ ಹಲವು ಹಾಳೆಗಳಲ್ಲಿ ಒಂದೇ ಸಾಲಿನ ಉತ್ತರಗಳು ಮರುಕಳಿಸಿವೆಯೇ ಎಂದು ಪರಿಶೀಲಿಸಿದರು. ಪ್ರಾಥಮಿಕ ಹಂತದ ತರಗತಿಗಳಲ್ಲಿ ಪ್ರತಿ ವರ್ಷ ಕನಿಷ್ಠ ಶೇ 4ರಿಂದ 5ರಷ್ಟರಲ್ಲಿ ಶಿಕ್ಷಕರು ಅಥವಾ ಆಡಳಿತಗಾರರಿಂದ ಗಂಭೀರ ಅಕ್ರಮ ನಡೆದಿದೆ ಎಂದು ಅಂದಾಜಿಸಿದರು. 2002ರಲ್ಲಿ ಅನುಮಾನಿತ ತರಗತಿಗಳಿಗೆ ಕಟ್ಟುನಿಟ್ಟಿನ ಮೇಲ್ವಿಚಾರಣೆಯಲ್ಲಿ ಮರುಪರೀಕ್ಷೆ ನಡೆಸಿದಾಗ ಆ ತರಗತಿಗಳ ಅಂಕಗಳು ತೀವ್ರವಾಗಿ ಕುಸಿದವು. ಉತ್ತಮ ಬೋಧನೆಯಿಂದ ಮುಂದೆ ಬಂದ ತರಗತಿಗಳ ಅಂಕಗಳು ಬಹುಮಟ್ಟಿಗೆ ಹಾಗೆಯೇ ಉಳಿದವು.

### ಅಟ್ಲಾಂಟಾ ಪ್ರಕರಣ

ಜಾರ್ಜಿಯಾ ರಾಜ್ಯವು 2009ರ ಪರೀಕ್ಷೆಯ ಉತ್ತರ ಹಾಳೆಗಳನ್ನು ವಿಶ್ಲೇಷಿಸಿದಾಗ ಅಟ್ಲಾಂಟಾದ ಹಲವು ಶಾಲೆಗಳಲ್ಲಿ ತಪ್ಪಿನಿಂದ ಸರಿಗೆ ಆದ ತಿದ್ದುಪಡಿಗಳು ರಾಜ್ಯದ ಸರಾಸರಿಗಿಂತ ಬಹಳ ಹೆಚ್ಚಾಗಿದ್ದವು. ತರಗತಿಯ ಸರಾಸರಿಯು ರಾಜ್ಯದ ಸರಾಸರಿಗಿಂತ ಮೂರು ಮಾನಕ ವಿಚಲನೆಗಳಿಗೂ ಮೇಲಿದ್ದರೆ ಅದನ್ನು ಪರಿಶೀಲನೆಗೆ ಗುರುತಿಸಲಾಗುತ್ತಿತ್ತು. ರಾಜ್ಯಪಾಲರು ನೇಮಿಸಿದ ವಿಶೇಷ ತನಿಖಾಧಿಕಾರಿಗಳು ಶಾಲೆಗಳಿಗೆ ತೆರಳಿ ವಿಚಾರಣೆ ನಡೆಸಿದರು. 2011ರ ಜುಲೈನಲ್ಲಿ ಹೊರಬಂದ ವರದಿಯು, ಪರಿಶೀಲಿಸಿದ 56 ಶಾಲೆಗಳ ಪೈಕಿ 44ರಲ್ಲಿ ಅಕ್ರಮ ನಡೆದಿದೆ ಎಂದೂ 178 ಶಿಕ್ಷಕರು ಮತ್ತು ಮುಖ್ಯಸ್ಥರು ಭಾಗಿಯಾಗಿದ್ದಾರೆ ಎಂದೂ ತಿಳಿಸಿತು. ಅವರಲ್ಲಿ 82 ಮಂದಿ ತಪ್ಪೊಪ್ಪಿಕೊಂಡಿದ್ದರು. 2015ರ ಏಪ್ರಿಲ್‌ನಲ್ಲಿ, ವಿಚಾರಣೆ ಎದುರಿಸಿದ 12 ಮಂದಿಯಲ್ಲಿ 11 ಮಂದಿಯನ್ನು ನ್ಯಾಯಾಲಯವು ತಪ್ಪಿತಸ್ಥರೆಂದು ಘೋಷಿಸಿತು. ಅಂಕಿ ಅಂಶಗಳು ತನಿಖೆಗೆ ದಾರಿ ತೋರಿದವು. ಶಿಕ್ಷೆಗೆ ಆಧಾರವಾದದ್ದು ಸಾಕ್ಷಿಗಳ ಹೇಳಿಕೆಗಳು ಮತ್ತು ತಪ್ಪೊಪ್ಪಿಗೆಗಳು.

## ವಿಧಾನ

### ಗುಂಪಿನ ಸರಾಸರಿಯ ಹೋಲಿಕೆ

ಅತ್ಯಂತ ಸರಳ ವಿಧಾನವು ತರಗತಿ ಅಥವಾ ಕೊಠಡಿಯ ಸರಾಸರಿಯನ್ನು ಇಡೀ ಪರೀಕ್ಷೆಯ ಸರಾಸರಿಯೊಂದಿಗೆ ಹೋಲಿಸುತ್ತದೆ. ಒಂದು ಕಾಲ್ಪನಿಕ ಉದಾಹರಣೆಯಿಂದ ಇದನ್ನು ತಿಳಿಯಬಹುದು. ಒಂದು ಪರೀಕ್ಷೆಯಲ್ಲಿ ಪ್ರತಿ ವಿದ್ಯಾರ್ಥಿಯ ಹಾಳೆಯಲ್ಲಿ ತಪ್ಪಿನಿಂದ ಸರಿಗೆ ಆದ ಬದಲಾವಣೆಗಳ ಸರಾಸರಿ 1.5 ಹಾಗೂ ಮಾನಕ ವಿಚಲನೆ 1.5 ಎಂದಿಟ್ಟುಕೊಳ್ಳೋಣ. 25 ವಿದ್ಯಾರ್ಥಿಗಳ ಒಂದು ತರಗತಿಯಲ್ಲಿ ಈ ಸರಾಸರಿ 4.5 ಇದೆ.

ಒಬ್ಬ ವಿದ್ಯಾರ್ಥಿಯ ಹಾಳೆಯಲ್ಲಿ ನಾಲ್ಕೈದು ಬದಲಾವಣೆಗಳಿರುವುದು ಅಚ್ಚರಿಯ ಸಂಗತಿಯಲ್ಲ. ಅದು ಸರಾಸರಿಯಿಂದ ಎರಡು ಮಾನಕ ವಿಚಲನೆಗಳಷ್ಟು ದೂರ ಮಾತ್ರ. ಆದರೆ ತರಗತಿಯ ಸರಾಸರಿಯ ಏರಿಳಿತವು ಒಬ್ಬೊಬ್ಬರ ಏರಿಳಿತಕ್ಕಿಂತ ಕಡಿಮೆ. ಅದನ್ನು ಪಡೆಯಲು ಮಾನಕ ವಿಚಲನೆಯನ್ನು ವಿದ್ಯಾರ್ಥಿಗಳ ಸಂಖ್ಯೆಯ ವರ್ಗಮೂಲದಿಂದ ಭಾಗಿಸಬೇಕು. 25ರ ವರ್ಗಮೂಲ 5, 1.5ನ್ನು 5ರಿಂದ ಭಾಗಿಸಿದರೆ 0.3. ತರಗತಿಯ ಸರಾಸರಿಯು ಒಟ್ಟು ಸರಾಸರಿಗಿಂತ 3 ಹೆಚ್ಚಾಗಿದೆ, ಅಂದರೆ 0.3ರ ಹತ್ತು ಪಟ್ಟು. ವಿದ್ಯಾರ್ಥಿಗಳು ಪರಸ್ಪರ ಸ್ವತಂತ್ರವಾಗಿ ಉತ್ತರ ಬದಲಿಸಿದ್ದರೆ ಹತ್ತು ಮಾನಕ ವಿಚಲನೆಗಳ ಅಂತರವು ಆಕಸ್ಮಿಕವಾಗಿ ಉಂಟಾಗುವ ಸಂಭವನೀಯತೆ ಪ್ರಾಯೋಗಿಕವಾಗಿ ಶೂನ್ಯ.

### ಖಾಲಿ ಬಿಟ್ಟ ಪ್ರಶ್ನೆಗಳ ಪರಿಶೀಲನೆ

ಪೆನ್ನಿನಿಂದ ಗುರುತಿಸುವ ಪರೀಕ್ಷೆಗಳಲ್ಲಿ ಅಳಿಸಲು ಅವಕಾಶವಿಲ್ಲ. ಒಂದೇ ಪ್ರಶ್ನೆಗೆ ಎರಡು ವೃತ್ತಗಳನ್ನು ತುಂಬಿದರೆ ಆ ಉತ್ತರವನ್ನು ಪರಿಗಣಿಸುವುದಿಲ್ಲ. ಆದ್ದರಿಂದ ಒಳಸಂಚಿನಲ್ಲಿ ಭಾಗಿಯಾದ ಅಭ್ಯರ್ಥಿಯು ತನಗೆ ಗೊತ್ತಿರುವ ಕೆಲವೇ ಪ್ರಶ್ನೆಗಳಿಗೆ ಉತ್ತರಿಸಿ ಉಳಿದವನ್ನು ಖಾಲಿ ಬಿಡುತ್ತಾನೆ. ನಂತರ ಬೇರೊಬ್ಬರು ಅವನ್ನು ತುಂಬುತ್ತಾರೆ. ಅಭ್ಯರ್ಥಿಯ ಬಳಿ ಉಳಿಯುವ ಕಾರ್ಬನ್ ಪ್ರತಿ ಮತ್ತು ಮೂಲ ಹಾಳೆಯನ್ನು ಹೋಲಿಸಿದರೆ ಈ ವ್ಯತ್ಯಾಸ ಕಾಣುತ್ತದೆ.

ಇಲ್ಲಿಯೂ ಲೆಕ್ಕಾಚಾರ ನೆರವಾಗುತ್ತದೆ. 100 ಪ್ರಶ್ನೆಗಳ ಒಂದು ಕಾಲ್ಪನಿಕ ಪರೀಕ್ಷೆಯಲ್ಲಿ ಕಾರ್ಬನ್ ಪ್ರತಿಯ ಪ್ರಕಾರ ಅಭ್ಯರ್ಥಿಯು 40 ಪ್ರಶ್ನೆಗಳಿಗೆ ಉತ್ತರಿಸಿದ್ದು, ಅವುಗಳಲ್ಲಿ 22 ಸರಿ, ಅಂದರೆ ಶೇ 55. ಮೂಲ ಹಾಳೆಯಲ್ಲಿ ಮಾತ್ರ ಕಾಣುವ ಉಳಿದ 60 ಉತ್ತರಗಳಲ್ಲಿ 57 ಸರಿ. ಅದೇ ಸಾಮರ್ಥ್ಯದಿಂದ ಉತ್ತರಿಸಿದ್ದರೆ 60ರಲ್ಲಿ ಸುಮಾರು 33 ಸರಿಯಾಗಬೇಕಿತ್ತು. ಇದರ ಮಾನಕ ವಿಚಲನೆ ಸುಮಾರು 3.85. 57 ಎಂಬುದು ನಿರೀಕ್ಷೆಗಿಂತ ಆರು ಮಾನಕ ವಿಚಲನೆಗಳಿಗೂ ಹೆಚ್ಚು. ಸಾಮಾನ್ಯವಾಗಿ ಅಭ್ಯರ್ಥಿಗಳು ಖಾಲಿ ಬಿಡುವುದು ತಮಗೆ ಕಠಿಣವೆನಿಸಿದ ಪ್ರಶ್ನೆಗಳನ್ನು. ಹೀಗಾಗಿ ನೈಜ ನಿರೀಕ್ಷೆ 33ಕ್ಕಿಂತಲೂ ಕಡಿಮೆ ಇರುತ್ತದೆ.

### ಉತ್ತರಗಳ ಸಾಮ್ಯ

ಹೊರಗಿನಿಂದ ಉತ್ತರ ಹೇಳಿಸಿಕೊಂಡಾಗ ಅಥವಾ ನಕಲು ಮಾಡಿದಾಗ ಹಾಳೆಯ ಮೇಲೆ ತಿದ್ದುಪಡಿಯ ಗುರುತು ಇರುವುದಿಲ್ಲ. ಆಗ ಅಭ್ಯರ್ಥಿಗಳ ನಡುವಿನ ಸಮಾನ ಉತ್ತರಗಳನ್ನು, ಅದರಲ್ಲಿಯೂ ಸಮಾನ ತಪ್ಪು ಉತ್ತರಗಳನ್ನು ಎಣಿಸಲಾಗುತ್ತದೆ. ಸರಿ ಉತ್ತರಗಳು ಹೊಂದಿಕೆಯಾಗುವುದು ಸಹಜ. ಇಬ್ಬರಿಗೂ ವಿಷಯ ತಿಳಿದಿರಬಹುದು. ತಪ್ಪುಗಳ ವಿಷಯ ಹಾಗಲ್ಲ. ನಾಲ್ಕು ಆಯ್ಕೆಗಳ ಪ್ರಶ್ನೆಯಲ್ಲಿ ಮೂರು ತಪ್ಪು ಆಯ್ಕೆಗಳಿರುತ್ತವೆ. ಮೂರೂ ಸಮಾನವಾಗಿ ಆಕರ್ಷಕವಾಗಿದ್ದು, ಇಬ್ಬರೂ ತಪ್ಪಾಗಿ ಉತ್ತರಿಸಿದ 12 ಪ್ರಶ್ನೆಗಳಲ್ಲಿ ಎಲ್ಲದಕ್ಕೂ ಅದೇ ತಪ್ಪು ಆಯ್ಕೆಯನ್ನು ಗುರುತಿಸಿದ್ದರೆ, ಅದು ಆಕಸ್ಮಿಕವಾಗಿರುವ ಸಂಭವನೀಯತೆ 5,31,441ರಲ್ಲಿ ಒಂದು.

ವಾಸ್ತವದಲ್ಲಿ ತಪ್ಪು ಆಯ್ಕೆಗಳು ಸಮಾನವಾಗಿ ಆಕರ್ಷಕವಾಗಿರುವುದಿಲ್ಲ. ಒಂದೇ ತರಬೇತಿ ಕೇಂದ್ರದಲ್ಲಿ ಒಂದೇ ಟಿಪ್ಪಣಿ ಓದಿದವರು ಒಂದೇ ತಪ್ಪನ್ನು ಮಾಡಬಹುದು. ಆದ್ದರಿಂದ ಸುಧಾರಿತ ಸೂಚ್ಯಂಕಗಳು ಪ್ರತಿ ಆಯ್ಕೆಯನ್ನು ಎಷ್ಟು ಅಭ್ಯರ್ಥಿಗಳು ಗುರುತಿಸಿದ್ದಾರೆ ಎಂಬುದನ್ನೂ ಅಭ್ಯರ್ಥಿಯ ಸಾಮರ್ಥ್ಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ.

### ಕಂಪ್ಯೂಟರ್ ಆಧಾರಿತ ಪರೀಕ್ಷೆಗಳು

ಕಂಪ್ಯೂಟರ್ ಆಧಾರಿತ ಪರೀಕ್ಷೆಗಳಲ್ಲಿ ಪ್ರತಿ ಉತ್ತರವನ್ನು ಯಾವಾಗ ಗುರುತಿಸಲಾಯಿತು, ಯಾವಾಗ ಬದಲಿಸಲಾಯಿತು ಹಾಗೂ ಪ್ರಶ್ನೆಯ ಮೇಲೆ ಎಷ್ಟು ಸಮಯ ಕಳೆಯಲಾಯಿತು ಎಂಬ ವಿವರಗಳನ್ನು ದಾಖಲಿಸಬಹುದು. ದೀರ್ಘ ಲೆಕ್ಕ ಬಿಡಿಸಬೇಕಾದ ಪ್ರಶ್ನೆಗೆ ಕೆಲವೇ ಸೆಕೆಂಡುಗಳಲ್ಲಿ ಸರಿ ಉತ್ತರ ಬಂದಿರುವುದು, ಅಥವಾ ಕೊನೆಯ ನಿಮಿಷಗಳಲ್ಲಿ ಹತ್ತಾರು ಉತ್ತರಗಳು ಒಟ್ಟಿಗೆ ಸರಿಯಾಗಿರುವುದು ಪರಿಶೀಲನೆಗೆ ಕಾರಣವಾಗುತ್ತದೆ.

## ಕರ್ನಾಟಕದಲ್ಲಿ

ಕರ್ನಾಟಕದಲ್ಲಿ ಸಿಇಟಿ, ಶಿಕ್ಷಕರ ಅರ್ಹತಾ ಪರೀಕ್ಷೆ, ಕರ್ನಾಟಕ ಲೋಕಸೇವಾ ಆಯೋಗದ ಪೂರ್ವಭಾವಿ ಪರೀಕ್ಷೆ ಮತ್ತು ಅನೇಕ ನೇಮಕಾತಿ ಪರೀಕ್ಷೆಗಳು ಒಎಂಆರ್ ಹಾಳೆಯ ಮೇಲೆ ನಡೆಯುತ್ತವೆ. ಕೋವಿಡ್ ಸಾಂಕ್ರಾಮಿಕದ ಕಾರಣ 2021ರ ಎಸ್‌ಎಸ್‌ಎಲ್‌ಸಿ ಪರೀಕ್ಷೆಯನ್ನೂ ಜುಲೈ 19 ಮತ್ತು 22ರಂದು ಬಹು ಆಯ್ಕೆಯ ಪ್ರಶ್ನೆಗಳೊಂದಿಗೆ ಒಎಂಆರ್ ಹಾಳೆಯಲ್ಲಿ ನಡೆಸಲಾಯಿತು. ಒಂದೊಂದು ದಿನ ಮೂರು ವಿಷಯಗಳಿಗೆ ತಲಾ 40 ಅಂಕಗಳಂತೆ 120 ಅಂಕಗಳ ಪ್ರಶ್ನೆಪತ್ರಿಕೆ ಇತ್ತು.

### 2021ರ ಪಿಎಸ್‌ಐ ನೇಮಕಾತಿ ಪರೀಕ್ಷೆ

545 ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ರಾಜ್ಯದ 92 ಕೇಂದ್ರಗಳಲ್ಲಿ ಲಿಖಿತ ಪರೀಕ್ಷೆ ನಡೆಯಿತು. 54 ಸಾವಿರಕ್ಕೂ ಹೆಚ್ಚು ಅಭ್ಯರ್ಥಿಗಳು ಹಾಜರಾದರು. ಪ್ರಬಂಧ, ಸಂಕ್ಷೇಪಣೆ ಮತ್ತು ಭಾಷಾಂತರದ ಮೊದಲ ಪತ್ರಿಕೆಗೆ 50 ಅಂಕಗಳೂ ಬಹು ಆಯ್ಕೆಯ ಎರಡನೆಯ ಪತ್ರಿಕೆಗೆ 150 ಅಂಕಗಳೂ ಇದ್ದವು. 2022ರ ಜನವರಿಯಲ್ಲಿ ತಾತ್ಕಾಲಿಕ ಆಯ್ಕೆ ಪಟ್ಟಿ ಪ್ರಕಟವಾಯಿತು.

ಪ್ರಕರಣವು ಬೆಳಕಿಗೆ ಬಂದದ್ದು ಸಂಖ್ಯಾಶಾಸ್ತ್ರೀಯ ವಿಶ್ಲೇಷಣೆಯಿಂದಲ್ಲ. ಆಯ್ಕೆಯಾಗದ ಅಭ್ಯರ್ಥಿಗಳು ಪಟ್ಟಿಯ ಬಗ್ಗೆ ದೂರು ನೀಡಿದರು ಮತ್ತು ಕಲಬುರಗಿಯ ಕೇಂದ್ರವೊಂದರಲ್ಲಿ ಪರೀಕ್ಷೆ ಬರೆದ ಅಭ್ಯರ್ಥಿಯೊಬ್ಬರ ಒಎಂಆರ್ ಹಾಳೆಯ ಪ್ರತಿ ಸಾರ್ವಜನಿಕವಾಗಿ ಹರಿದಾಡಿತು. ಎರಡನೆಯ ಪತ್ರಿಕೆಯಲ್ಲಿ 21 ಪ್ರಶ್ನೆಗಳಿಗೆ ಮಾತ್ರ ಉತ್ತರಿಸಿದ್ದ ಅಭ್ಯರ್ಥಿಗೆ 121 ಅಂಕ ದೊರೆತಿದೆ ಎಂಬುದು ಆರೋಪವಾಗಿತ್ತು. ಪ್ರತಿ ಪ್ರಶ್ನೆಗೆ 1.5 ಅಂಕದಂತೆ 21 ಉತ್ತರಗಳೂ ಸರಿಯಾಗಿದ್ದರೂ ದೊರೆಯಬಹುದಾದದ್ದು 31.5 ಅಂಕ ಮಾತ್ರ. ಈ ಅಂತರವನ್ನು ಗುರುತಿಸಲು ಯಾವುದೇ ಸೂಚ್ಯಂಕದ ಅಗತ್ಯವಿರಲಿಲ್ಲ. ಎರಡು ಪ್ರತಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಸಾಕಿತ್ತು.

ಸರ್ಕಾರವು 2022ರ ಏಪ್ರಿಲ್‌ನಲ್ಲಿ ತನಿಖೆಯನ್ನು ಸಿಐಡಿಗೆ ಒಪ್ಪಿಸಿತು. ಅಭ್ಯರ್ಥಿಗಳಿಂದ ಮೂಲ ಒಎಂಆರ್ ಹಾಳೆಗಳ ಕಾರ್ಬನ್ ಪ್ರತಿಗಳನ್ನು ಪಡೆದು ಪರಿಶೀಲಿಸಲಾಯಿತು ಮತ್ತು ಹಾಳೆಗಳನ್ನು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳುಹಿಸಲಾಯಿತು. ತನಿಖೆಯಲ್ಲಿ ಎರಡು ಬಗೆಯ ಅಕ್ರಮಗಳ ಆರೋಪ ಹೊರಬಂದಿತು: ಪರೀಕ್ಷೆ ಮುಗಿದ ಮೇಲೆ ಖಾಲಿ ವೃತ್ತಗಳನ್ನು ತುಂಬಿದ್ದು ಮತ್ತು ಬ್ಲೂಟೂತ್ ಸಾಧನದ ಮೂಲಕ ಪರೀಕ್ಷಾ ಕೊಠಡಿಗೆ ಉತ್ತರ ರವಾನಿಸಿದ್ದು. 2022ರ ಏಪ್ರಿಲ್ 29ರಂದು ಸರ್ಕಾರವು ಮರುಪರೀಕ್ಷೆಯ ನಿರ್ಧಾರವನ್ನು ಪ್ರಕಟಿಸಿತು. ಅದೇ ವರ್ಷದ ಜುಲೈನಲ್ಲಿ, ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹೆಚ್ಚುವರಿ ಪೊಲೀಸ್ ಮಹಾನಿರ್ದೇಶಕರನ್ನೂ ಸಿಐಡಿ ಬಂಧಿಸಿತು. ಅಭ್ಯರ್ಥಿಗಳು, ಮಧ್ಯವರ್ತಿಗಳು, ಕೊಠಡಿ ಮೇಲ್ವಿಚಾರಕರು ಮತ್ತು ಪೊಲೀಸ್ ಸಿಬ್ಬಂದಿ ಸೇರಿ ಬಂಧಿತರ ಸಂಖ್ಯೆ ನೂರನ್ನು ಮೀರಿತು.

ಆಯ್ಕೆ ಪಟ್ಟಿಯಲ್ಲಿದ್ದು ಯಾವುದೇ ಆರೋಪ ಎದುರಿಸದ ಅಭ್ಯರ್ಥಿಗಳು ಮರುಪರೀಕ್ಷೆಯನ್ನು ಪ್ರಶ್ನಿಸಿ ನ್ಯಾಯಾಲಯದ ಮೆಟ್ಟಿಲೇರಿದರು. ಕಳಂಕಿತರನ್ನು ಮಾತ್ರ ಬೇರ್ಪಡಿಸಿ ಉಳಿದವರಿಗೆ ನೇಮಕಾತಿ ನೀಡಬೇಕು ಎಂಬುದು ಅವರ ವಾದವಾಗಿತ್ತು. ಕರ್ನಾಟಕ ಹೈಕೋರ್ಟ್ 2023ರ ನವೆಂಬರ್ 10ರಂದು ಮರುಪರೀಕ್ಷೆಯ ನಿರ್ಧಾರವನ್ನು ಎತ್ತಿಹಿಡಿದು, ಅದನ್ನು ಸ್ವತಂತ್ರ ಸಂಸ್ಥೆಯಿಂದ ನಡೆಸಲು ಸೂಚಿಸಿತು. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು 2024ರ ಜನವರಿ 23ರಂದು ಬೆಂಗಳೂರಿನ ಕೇಂದ್ರಗಳಲ್ಲಿ ಮರುಪರೀಕ್ಷೆ ನಡೆಸಿತು. ಮೊದಲ ಪರೀಕ್ಷೆಗೂ ಮರುಪರೀಕ್ಷೆಗೂ ನಡುವೆ ಎರಡು ವರ್ಷ ಮೂರು ತಿಂಗಳಿಗೂ ಹೆಚ್ಚು ಕಾಲ ಕಳೆದಿತ್ತು.

ಸಂಖ್ಯಾಶಾಸ್ತ್ರೀಯ ಪತ್ತೆಯ ದೃಷ್ಟಿಯಿಂದ ಈ ಪ್ರಕರಣದ ಮುಖ್ಯ ಪ್ರಶ್ನೆ ಕಳಂಕಿತರನ್ನು ಪ್ರಾಮಾಣಿಕರಿಂದ ಬೇರ್ಪಡಿಸುವ ಸಾಧ್ಯತೆಗೆ ಸಂಬಂಧಿಸಿದ್ದು. ಹಾಳೆ ತಿದ್ದಿದ ಪ್ರಕರಣಗಳಲ್ಲಿ ಕಾಗದದ ಮೇಲೆ ಸಾಕ್ಷ್ಯ ಉಳಿಯುತ್ತದೆ. ಬ್ಲೂಟೂತ್ ಮೂಲಕ ಉತ್ತರ ಪಡೆದವರ ಹಾಳೆಯಲ್ಲಿ ಅಂತಹ ಯಾವ ಕುರುಹೂ ಇರುವುದಿಲ್ಲ. ಎರಡೂ ಬಗೆಯ ಅಕ್ರಮಗಳು ಬೆರೆತಾಗ, ಒಂದು ಹಾಳೆಯಲ್ಲಿ ತಿದ್ದುಪಡಿ ಇಲ್ಲ ಎಂಬ ಮಾತ್ರಕ್ಕೆ ಅದು ಪ್ರಾಮಾಣಿಕವೆಂದು ಸಾಬೀತಾಗುವುದಿಲ್ಲ.

### ಜಮಖಂಡಿ ಉಪವಿಭಾಗದ ಅಭ್ಯರ್ಥಿಗಳು

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳಂತಹ ಪ್ರದೇಶಗಳಲ್ಲಿ ಒಎಂಆರ್ ಪರೀಕ್ಷೆಗಳ ವಿಶ್ವಾಸಾರ್ಹತೆ ನೇರ ಪರಿಣಾಮ ಬೀರುತ್ತದೆ. ಕಬ್ಬು ಬೆಳೆಯುವ ಮತ್ತು ನೇಕಾರಿಕೆಯನ್ನು ಅವಲಂಬಿಸಿದ ಕುಟುಂಬಗಳ ಮಕ್ಕಳಿಗೆ ನವೋದಯ ಮತ್ತು ವಸತಿ ಶಾಲೆಗಳ ಪ್ರವೇಶ ಪರೀಕ್ಷೆಯಿಂದ ಹಿಡಿದು ಸಿಇಟಿ, ನೀಟ್, ಪೊಲೀಸ್ ಮತ್ತು ಶಿಕ್ಷಕರ ನೇಮಕಾತಿಯವರೆಗೆ ಬಹು ಆಯ್ಕೆಯ ಪರೀಕ್ಷೆಗಳೇ ಮುಂದಿನ ಹಂತದ ದಾರಿಯಾಗಿವೆ. ನೇಮಕಾತಿ ಪರೀಕ್ಷೆಗಳ ಸಿದ್ಧತೆಗಾಗಿ ಇಲ್ಲಿನ ಅನೇಕರು ವಿಜಯಪುರ ಮತ್ತು ಧಾರವಾಡದ ತರಬೇತಿ ಕೇಂದ್ರಗಳಿಗೆ ಹೋಗಿ ಬಾಡಿಗೆ ಕೋಣೆಗಳಲ್ಲಿ ಉಳಿದು ಓದುತ್ತಾರೆ. ಪರೀಕ್ಷೆ ರದ್ದಾದರೆ ಈ ಖರ್ಚು ಇಮ್ಮಡಿಯಾಗುತ್ತದೆ. ಜೊತೆಗೆ ವಯೋಮಿತಿ ಮೀರುವ ಆತಂಕವೂ ಇರುತ್ತದೆ. ಬೆಂಗಳೂರಿನಲ್ಲಿ ನಡೆದ ಮರುಪರೀಕ್ಷೆಗೆ ಈ ಭಾಗದ ಅಭ್ಯರ್ಥಿಗಳು ಸುಮಾರು 500 ಕಿಲೋಮೀಟರ್ ಪ್ರಯಾಣಿಸಬೇಕಿತ್ತು.

ಸಣ್ಣ ಊರುಗಳ ಶಾಲೆ ಮತ್ತು ಪರೀಕ್ಷಾ ಕೇಂದ್ರಗಳಿಗೆ ಸಂಬಂಧಿಸಿ ವಿಶ್ಲೇಷಣೆಯಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ಒಂಬತ್ತು ವಿದ್ಯಾರ್ಥಿಗಳ ಗುಂಪಿನ ಸರಾಸರಿಯು ನೂರು ವಿದ್ಯಾರ್ಥಿಗಳ ಗುಂಪಿನ ಸರಾಸರಿಗಿಂತ ಮೂರು ಪಟ್ಟಿಗೂ ಹೆಚ್ಚು ಏರಿಳಿತವನ್ನು ತೋರಿಸುತ್ತದೆ. ಗುಂಪಿನ ಗಾತ್ರವನ್ನು ಪರಿಗಣಿಸದೆ ಸರಾಸರಿಗಳನ್ನು ಮಾತ್ರ ಪಟ್ಟಿ ಮಾಡಿದರೆ, ಪಟ್ಟಿಯ ಮೇಲ್ತುದಿಯಲ್ಲಿಯೂ ಕೆಳತುದಿಯಲ್ಲಿಯೂ ಸಣ್ಣ ಶಾಲೆಗಳೇ ಕಾಣಿಸಿಕೊಳ್ಳುತ್ತವೆ. ಇದು ಅಕ್ರಮದ ಸೂಚನೆಯಲ್ಲ, ಗಣಿತದ ಪರಿಣಾಮ. ಅದೇ ರೀತಿ, ಗ್ರಾಮೀಣ ಸರ್ಕಾರಿ ಶಾಲೆಯ ವಿದ್ಯಾರ್ಥಿಗೆ ಅತ್ಯಧಿಕ ಅಂಕ ಬಂದಿರುವುದು ಮಾತ್ರವೇ ಅನುಮಾನಕ್ಕೆ ಆಧಾರವಾಗುವುದಿಲ್ಲ. ಈ ವಿಧಾನವು ಅಂಕವನ್ನಲ್ಲ, ಅಂಕ ಬಂದ ಬಗೆಯನ್ನು ಪರಿಶೀಲಿಸುತ್ತದೆ.

## ನೀಟ್ 2024 ಮತ್ತು ನ್ಯಾಯಾಲಯದಲ್ಲಿ ಅಂಕಿ ಅಂಶ

2024ರ ನೀಟ್ ಪರೀಕ್ಷೆಯ ಪ್ರಶ್ನೆಪತ್ರಿಕೆ ಸೋರಿಕೆಯ ವಿವಾದವು ಸುಪ್ರೀಂ ಕೋರ್ಟ್ ತಲುಪಿದಾಗ ಸಂಖ್ಯಾಶಾಸ್ತ್ರೀಯ ವಿಶ್ಲೇಷಣೆಯು ವಿಚಾರಣೆಯ ಭಾಗವಾಯಿತು. ಮದ್ರಾಸ್ ಐಐಟಿಯು ನಗರವಾರು ಮತ್ತು ಕೇಂದ್ರವಾರು ಅಂಕಗಳ ಹಂಚಿಕೆಯನ್ನು ಪರಿಶೀಲಿಸಿ, ವ್ಯಾಪಕ ಅಕ್ರಮದ ಲಕ್ಷಣ ಕಂಡುಬರುತ್ತಿಲ್ಲ ಎಂದು ವರದಿ ನೀಡಿತು. ಅರ್ಜಿದಾರರು ಆ ವಿಶ್ಲೇಷಣೆಯನ್ನು ಪ್ರಶ್ನಿಸಿದರು. ಲಕ್ಷಾಂತರ ಅಭ್ಯರ್ಥಿಗಳ ಒಟ್ಟು ಹಂಚಿಕೆಯಲ್ಲಿ ಕೆಲವೇ ನೂರು ಮಂದಿಯ ಅಕ್ರಮ ಕಾಣದೆ ಹೋಗಬಹುದು ಎಂಬುದು ಇಂತಹ ವಿಶ್ಲೇಷಣೆಯ ಅಂತರ್ಗತ ಮಿತಿಯಾಗಿದೆ. ಪಟ್ನಾ ಮತ್ತು ಹಜಾರಿಬಾಗ್‌ನಲ್ಲಿ ಸೋರಿಕೆ ನಡೆದಿರುವುದು ವಿವಾದಾತೀತವೆಂದು ಹೇಳಿದ ನ್ಯಾಯಾಲಯವು, ಇಡೀ ಪರೀಕ್ಷೆಯ ಪಾವಿತ್ರ್ಯ ಕೆಟ್ಟಿದೆ ಎನ್ನಲು ದಾಖಲೆಯಲ್ಲಿ ಸಾಕಷ್ಟು ಆಧಾರವಿಲ್ಲವೆಂದು ಜುಲೈ 23ರಂದು ಮರುಪರೀಕ್ಷೆಯ ಬೇಡಿಕೆಯನ್ನು ನಿರಾಕರಿಸಿತು.

## ಮಿತಿಗಳು ಮತ್ತು ಟೀಕೆ

ಸುಳ್ಳು ಎಚ್ಚರಿಕೆಗಳು: ಮೂರು ಮಾನಕ ವಿಚಲನೆಗಳ ಮಿತಿಯನ್ನು ಆಕಸ್ಮಿಕವಾಗಿ ಮೀರುವ ಸಂಭವನೀಯತೆ, ಸಾಮಾನ್ಯ ವಿತರಣೆಯ ಪ್ರಕಾರ, ಸುಮಾರು 740ರಲ್ಲಿ ಒಂದು. ಇದು ಅಲ್ಪವೆನಿಸಿದರೂ 10,000 ತರಗತಿಗಳನ್ನು ಪರಿಶೀಲಿಸಿದರೆ ಯಾವ ಅಕ್ರಮವೂ ನಡೆಯದಿದ್ದರೂ 13 ಅಥವಾ 14 ತರಗತಿಗಳು ಪಟ್ಟಿಗೆ ಸೇರುತ್ತವೆ. ಹೆಚ್ಚು ತರಗತಿಗಳನ್ನು ಪರಿಶೀಲಿಸಿದಷ್ಟೂ ಮಿತಿಯನ್ನು ಬಿಗಿಗೊಳಿಸಬೇಕಾಗುತ್ತದೆ.

ನಿರಪರಾಧಿ ಕಾರಣಗಳು: ಅಭ್ಯರ್ಥಿಯು ಒಂದು ಪ್ರಶ್ನೆಯನ್ನು ಬಿಟ್ಟು ಮುಂದಿನ ಉತ್ತರಗಳನ್ನೆಲ್ಲ ಒಂದು ಸಾಲು ಮೇಲೆ ಗುರುತಿಸಿ, ನಂತರ ಎಲ್ಲವನ್ನೂ ಸರಿಪಡಿಸಿದರೆ ಒಂದೇ ಹಾಳೆಯಲ್ಲಿ ಹತ್ತಾರು ತಿದ್ದುಪಡಿಗಳು ಕಾಣುತ್ತವೆ. ಕೊನೆಯಲ್ಲಿ ಎಲ್ಲ ಉತ್ತರಗಳನ್ನು ಮತ್ತೊಮ್ಮೆ ನೋಡಿ ಎಂದು ಶಿಕ್ಷಕರು ತರಬೇತಿ ನೀಡಿದ್ದರೆ ಇಡೀ ತರಗತಿಯಲ್ಲಿ ಬದಲಾವಣೆಗಳು ಹೆಚ್ಚಬಹುದು. ಒಂದೇ ತರಗತಿಯ ವಿದ್ಯಾರ್ಥಿಗಳು ಪರಸ್ಪರ ಸಂಪೂರ್ಣ ಸ್ವತಂತ್ರರು ಎಂಬ ಊಹೆ ಆಗ ಸಡಿಲವಾಗುತ್ತದೆ.

ಸ್ಕ್ಯಾನರಿನ ದೋಷಗಳು: ಕಲೆ, ಮಡಿಕೆ ಅಥವಾ ಬೆರಳಿನ ಗುರುತುಗಳನ್ನು ಯಂತ್ರವು ಅಳಿಸಿದ ಗುರುತೆಂದು ಎಣಿಸಬಹುದು. ಪೂರ್ಣವಾಗಿ ಅಳಿಸಿದ ಗುರುತನ್ನು ಕಾಣದೆಯೂ ಹೋಗಬಹುದು.

ಯಾರು ತಿದ್ದಿದರು ಎಂಬ ಪ್ರಶ್ನೆ: ಸಂಖ್ಯೆಗಳು ಅಸಹಜತೆಯನ್ನು ತೋರಿಸಬಲ್ಲವು, ವ್ಯಕ್ತಿಯನ್ನು ತೋರಿಸಲಾರವು. ತಿದ್ದಿದವರು ಅಭ್ಯರ್ಥಿಯೋ ಮೇಲ್ವಿಚಾರಕರೋ ಹಾಳೆಗಳನ್ನು ಸಾಗಿಸಿದವರೋ ಎಂಬುದನ್ನು ಶಾಯಿ ಪರೀಕ್ಷೆ, ಸಿಸಿಟಿವಿ ದೃಶ್ಯ, ಹಾಳೆಗಳ ಹಸ್ತಾಂತರ ದಾಖಲೆ ಮತ್ತು ಸಾಕ್ಷಿಗಳ ವಿಚಾರಣೆಯಿಂದ ನಿರ್ಧರಿಸಬೇಕಾಗುತ್ತದೆ.

ಮುನ್ನೆಚ್ಚರಿಕೆ ವಹಿಸುವ ವಂಚಕರು: ವಿಧಾನವು ಪರಿಚಿತವಾದಂತೆ ತಿದ್ದುವವರು ಬದಲಾವಣೆಗಳನ್ನು ಮಿತಿಯೊಳಗೆ ಇರಿಸಬಹುದು, ಅಥವಾ ಗುರುತು ಉಳಿಯದ ಬೇರೆ ಮಾರ್ಗ ಹಿಡಿಯಬಹುದು. 2023ರ ಅಕ್ಟೋಬರ್‌ನಲ್ಲಿ ನಿಗಮ ಮಂಡಳಿಗಳ ನೇಮಕಾತಿ ಪರೀಕ್ಷೆಯ ವೇಳೆ ಕಲಬುರಗಿ ಮತ್ತು ಯಾದಗಿರಿಯಲ್ಲಿ ಬ್ಲೂಟೂತ್ ಬಳಕೆಯ ಪ್ರಕರಣಗಳು ವರದಿಯಾದವು.

ಈ ಕಾರಣಗಳಿಂದಾಗಿ ಸಂಖ್ಯಾಶಾಸ್ತ್ರೀಯ ಫಲಿತಾಂಶವನ್ನು ಏಕೈಕ ಸಾಕ್ಷ್ಯವಾಗಿ ಬಳಸದೆ, ತನಿಖೆ ಅಥವಾ ಮರುಪರೀಕ್ಷೆಗೆ ಕಾರಣವಾಗಿ ಮಾತ್ರ ಪರಿಗಣಿಸಬೇಕು ಎಂಬುದು ಈ ಕ್ಷೇತ್ರದ ತಜ್ಞರ ಸಾಮಾನ್ಯ ನಿಲುವಾಗಿದೆ.

## ತಡೆ ಕ್ರಮಗಳು ಮತ್ತು ಕಾನೂನು

ಖಾಲಿ ವೃತ್ತಗಳನ್ನು ನಂತರ ತುಂಬುವುದನ್ನು ತಡೆಯಲು ಕರ್ನಾಟಕದ ನೇಮಕಾತಿ ಪರೀಕ್ಷೆಗಳಲ್ಲಿ ಐದನೆಯ ವೃತ್ತವನ್ನು ಅಳವಡಿಸಲಾಗಿದೆ. ಉತ್ತರ ತಿಳಿಯದ ಪ್ರಶ್ನೆಗೆ ಅಭ್ಯರ್ಥಿಯು ಐದನೆಯ ವೃತ್ತವನ್ನು ತುಂಬಬೇಕು. ಇದರಿಂದ ಹಾಳೆಯಲ್ಲಿ ಯಾವ ಪ್ರಶ್ನೆಯ ಸಾಲೂ ಖಾಲಿ ಉಳಿಯುವುದಿಲ್ಲ. ನಂತರ ಇನ್ನೊಂದು ವೃತ್ತವನ್ನು ತುಂಬಿದರೆ ಎರಡು ಗುರುತುಗಳಾಗಿ ಆ ಉತ್ತರ ಅಮಾನ್ಯವಾಗುತ್ತದೆ. ಅಭ್ಯರ್ಥಿಗೆ ಕಾರ್ಬನ್ ಪ್ರತಿ ನೀಡುವುದು, ಹಾಳೆಗಳನ್ನು ಕೊಠಡಿಯಲ್ಲಿಯೇ ಮುದ್ರೆ ಹಾಕಿ ಮುಚ್ಚುವುದು ಮತ್ತು ಸ್ಕ್ಯಾನ್ ಮಾಡಿದ ಪ್ರತಿಗಳನ್ನು ಜಾಲತಾಣದಲ್ಲಿ ಅಭ್ಯರ್ಥಿಗಳಿಗೆ ತೋರಿಸುವುದು ಇತರ ಕ್ರಮಗಳು. ಲಿಖಿತ ಉತ್ತರದ ಪರೀಕ್ಷೆಯಾದ ಎಸ್‌ಎಸ್‌ಎಲ್‌ಸಿಯಲ್ಲಿ 2024ರಿಂದ ಪರೀಕ್ಷಾ ಕೇಂದ್ರಗಳ ವೆಬ್‌ಕಾಸ್ಟಿಂಗ್ ಜಾರಿಗೆ ಬಂದಿತು. ಆ ವರ್ಷ ರಾಜ್ಯದ ಉತ್ತೀರ್ಣತೆ ಪ್ರಮಾಣ ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ ಇಳಿಯಿತು.

ನೇಮಕಾತಿ ಪರೀಕ್ಷೆಗಳಲ್ಲಿನ ಅಕ್ರಮ ತಡೆಗೆ ಕರ್ನಾಟಕವು 2023ರಲ್ಲಿ ಪ್ರತ್ಯೇಕ ಕಾನೂನನ್ನು ರೂಪಿಸಿತು. ಕೇಂದ್ರ ಸರ್ಕಾರದ ಸಾರ್ವಜನಿಕ ಪರೀಕ್ಷೆಗಳ (ಅಕ್ರಮ ತಡೆ) ಕಾಯ್ದೆ, 2024 ಅದೇ ವರ್ಷದ ಜೂನ್ 21ರಿಂದ ಜಾರಿಗೆ ಬಂದಿತು. ಒಎಂಆರ್ ಹಾಳೆ ಸೇರಿದಂತೆ ಉತ್ತರ ಪತ್ರಿಕೆಗಳನ್ನು ತಿದ್ದುವುದನ್ನು ಈ ಕಾಯ್ದೆಯು ಅಪರಾಧವೆಂದು ಸ್ಪಷ್ಟವಾಗಿ ಹೆಸರಿಸಿದೆ. ಇದಕ್ಕೆ ಮೂರರಿಂದ ಐದು ವರ್ಷಗಳ ಜೈಲು ಶಿಕ್ಷೆ ಹಾಗೂ ₹10 ಲಕ್ಷದವರೆಗೆ ದಂಡ ವಿಧಿಸಬಹುದು. ಸಂಘಟಿತ ಅಪರಾಧವಾದರೆ ಐದರಿಂದ ಹತ್ತು ವರ್ಷಗಳ ಜೈಲು ಶಿಕ್ಷೆ ಹಾಗೂ ಕನಿಷ್ಠ ₹1 ಕೋಟಿ ದಂಡವಿದೆ.

## ಇವನ್ನೂ ನೋಡಿ

* ಕರ್ನಾಟಕ ಪರೀಕ್ಷಾ ಪ್ರಾಧಿಕಾರ
* ಮಾನಕ ವಿಚಲನೆ
* ಸಂಭವನೀಯತೆ
* ರಾಷ್ಟ್ರೀಯ ಅರ್ಹತಾ ಮತ್ತು ಪ್ರವೇಶ ಪರೀಕ್ಷೆ
* ಬಾಗಲಕೋಟೆ ಜಿಲ್ಲೆ